ಬಸವನಗುಡಿಯ ಮನೆಗಳಲ್ಲಿ ವೃದ್ಧಶುಶ್ರೂಷೆ: 1898ರಿಂದ ಈಚಿನ ಒಂದು ಪರಿಶೀಲನೆ

ಬಸವನಗುಡಿಯನ್ನು ಕುರಿತು ಬರೆದವರು ಸಾಮಾನ್ಯವಾಗಿ ದೊಡ್ಡ ಬಸವಣ್ಣನ ದೇವಾಲಯವನ್ನೂ, ಕಾರ್ತಿಕದ ಕಡಲೆಕಾಯಿ ಪರಿಷೆಯನ್ನೂ, ಪ್ಲೇಗಿನ ತರುವಾಯ ಬೆಳೆದ ಅಗಲವಾದ ಬೀದಿಗಳನ್ನೂ ವರ್ಣಿಸಿದ್ದಾರೆ. ಇಲ್ಲಿ ನೆಲಸಿದ್ದ ಪಂಡಿತರು, ಸಾಹಿತಿಗಳು, ನಿವೃತ್ತ ಅಧಿಕಾರಿಗಳು ಇವರ ಜೀವನಚರಿತ್ರೆಗಳಿಗೂ ಕೊರತೆಯಿಲ್ಲ. ಆದರೆ ಈ ಮನೆಗಳ ಒಳಕೋಣೆಗಳಲ್ಲಿ ಹಾಸಿಗೆ ಹಿಡಿದ ವೃದ್ಧರನ್ನು ಎತ್ತಿ ಕೂರಿಸಿದವರು ಯಾರು, ಅವರಿಗೆ ಅನ್ನ ಕಲಸಿ ತಿನ್ನಿಸಿದವರು ಯಾರು, ಆ ಕೆಲಸವು ಸರಿಯಾಗಿ ನಡೆಯುತ್ತಿದೆಯೆ ಎಂದು ನೋಡುತ್ತಿದ್ದವರು ಯಾರು ಎಂಬ ಪ್ರಶ್ನೆಗಳು ನಮ್ಮ ಸ್ಥಳೀಯ ಇತಿಹಾಸದಲ್ಲಿ ವಿರಳ. ಈಚಿನ ಆಡಳಿತ ಭಾಷೆಯಲ್ಲಿ ಇದನ್ನು ಗೃಹ ಆರೈಕೆ ಸೇವೆಯ ಗುಣಮಟ್ಟ ಮತ್ತು ಸುರಕ್ಷತೆ ಎನ್ನುತ್ತಾರೆ. ಹೆಸರು ಹೊಸದು; ವಿಷಯವು ಈ ಬಡಾವಣೆಯಷ್ಟೇ ಹಳೆಯದು. ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನು, ಎಂದರೆ ನೋಡುವ ಕಣ್ಣು ಯಾರದು ಎಂಬುದನ್ನು, ಮುಖ್ಯವಾಗಿಟ್ಟುಕೊಂಡು ಈ ಲೇಖನವನ್ನು ಬರೆಯಲಾಗಿದೆ.

1898ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್, ಪ್ಲೇಗ್ ಕಮಿಷನರಾಗಿ ನೇಮಕಗೊಂಡವರು ಮುಂದೆ ತಾವೂ ದಿವಾನರಾದ ವಿ. ಪಿ. ಮಾಧವರಾವ್. ಇಕ್ಕಟ್ಟಾದ ಪೇಟೆಯ ಮನೆಗಳನ್ನು ತೆರವು ಮಾಡಿಸಿದ್ದು, ರೋಗಿಗಳನ್ನು ಬೇರ್ಪಡಿಸಿ ಶಿಬಿರಗಳಿಗೆ ಸಾಗಿಸಿದ್ದು, ಗೋಡೆ ನೆಲಗಳಿಗೆ ಔಷಧಿ ಹಾಕಿಸಿದ್ದು, ಇವೆಲ್ಲ ಬಲ್ಲ ಸಂಗತಿಗಳೇ. ನಮ್ಮ ಪ್ರಸ್ತಾವಕ್ಕೆ ಮುಖ್ಯವಾದುದು ಇಷ್ಟು: ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದು, ರೋಗಿ ಮಲಗಿದ್ದ ಕೋಣೆಯನ್ನು ನೋಡುವ ಅಧಿಕಾರವನ್ನು ಸರ್ಕಾರವು ಆ ವರ್ಷ ಪಡೆದುಕೊಂಡಿತು. ಜನರು ಅದನ್ನು ದ್ವೇಷಿಸಿದರು, ರೋಗಿಗಳನ್ನು ಅಡಗಿಸಿಟ್ಟರು. ಆದರೂ ಮನೆಯೊಳಗಿನ ದೇಹಸ್ಥಿತಿಯು ಕೇವಲ ಮನೆಯವರ ವಿಷಯವಲ್ಲವೆಂಬ ತತ್ತ್ವವು ಇಲ್ಲಿ ನೆಲೆಯೂರಿದುದು ಆಗಲೇ.

ಪ್ಲೇಗಿಗೆ ಕೆಲವು ವರ್ಷಗಳ ಮೊದಲೇ ಯೋಜಿತವಾಗಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಪ್ಲೇಗಿನ ನಂತರ ವೇಗವಾಗಿ ಬೆಳೆದವು. ಇವನ್ನು ಆರೋಗ್ಯದ ನಕ್ಷೆಗಳೆಂದರೆ ತಪ್ಪಾಗಲಾರದು. ಬಿಡಿ ಮನೆ, ಸುತ್ತಲೂ ಕಾಂಪೌಂಡು, ಗಾಳಿ ಬೆಳಕು, ಹಿಂಭಾಗದಲ್ಲಿ ಕನ್ಸರ್ವೆನ್ಸಿ ಓಣಿ. ಮಲವನ್ನು ಹೊರುವವರು ಆ ಓಣಿಯಿಂದ ಬಂದು ಆ ಓಣಿಯಿಂದಲೇ ಹೋಗುತ್ತಿದ್ದರು. ಮನೆಯ ನೆಲವನ್ನು ಅವರು ಮೆಟ್ಟುತ್ತಿರಲಿಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದ್ದು 1970ರ ದಶಕದ ಆರಂಭದಲ್ಲಿ. ಈ ಹಿಂಬಾಗಿಲಿನ ಸಂಗತಿಯನ್ನು ಇಲ್ಲಿ ಸುಮ್ಮನೆ ಎತ್ತಿಲ್ಲ. ಇನ್ನೊಬ್ಬರ ದೇಹದ ಕಶ್ಮಲವನ್ನು ಮುಟ್ಟುವ ಕೆಲಸವು ಯಾರದು, ಅವರು ಯಾವ ಬಾಗಿಲಿನಿಂದ ಬರತಕ್ಕದ್ದು ಎಂಬ ಪ್ರಶ್ನೆಯು ಶುಶ್ರೂಷೆಯ ಇತಿಹಾಸದ ಮಧ್ಯದಲ್ಲಿಯೇ ಇದೆ.

ಆರೋಗ್ಯಕ್ಕಾಗಿ ಕಟ್ಟಿದ ಈ ಮನೆಗಳು ಮುಪ್ಪಿಗಾಗಿ ಕಟ್ಟಿದವಲ್ಲ ಎಂಬುದನ್ನೂ ಹೇಳಬೇಕು. ಜಗಲಿಗೆ ಮೂರು ಮೆಟ್ಟಿಲು, ಪ್ರತಿ ಕೋಣೆಗೂ ಎತ್ತರದ ಹೊಸ್ತಿಲು, ನೀರು ಬಿದ್ದರೆ ಕನ್ನಡಿಯಂತೆ ಜಾರುವ ಕೆಂಪು ಗಾರೆಯ ನೆಲ, ಹಂಡೆಯಿರುವ ಕತ್ತಲೆಯ ಬಚ್ಚಲು, ಹಿತ್ತಿಲನ್ನು ದಾಟಿ ಹೋಗಬೇಕಾದ ಪಾಯಿಖಾನೆ. ಎಂಬತ್ತು ವರ್ಷದವರು ರಾತ್ರಿ ಎರಡು ಗಂಟೆಗೆ ಎದ್ದು ಅಲ್ಲಿಗೆ ಹೋಗಿಬರುವುದು ಸಣ್ಣ ಯಾತ್ರೆಯೇ ಸರಿ. ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದವರ ಕಥೆ ಇಲ್ಲಿಯ ಪ್ರತಿ ಹಳೆಯ ಕುಟುಂಬದಲ್ಲಿಯೂ ಒಂದಾದರೂ ಇರುತ್ತದೆ.

ಹಿಂದಿನ ಕಾಲದಲ್ಲಿ ವೃದ್ಧರೇ ಕಡಮೆ, ಆದ್ದರಿಂದ ಈ ಸಮಸ್ಯೆ ಇರಲಿಲ್ಲ ಎಂಬ ವಾದವನ್ನು ಕೇಳಿದ್ದೇವೆ. 1941-51ರ ದಶಕದಲ್ಲಿ ಭಾರತೀಯರ ನಿರೀಕ್ಷಿತ ಆಯುಸ್ಸು ಸುಮಾರು 32 ವರ್ಷವೆಂಬುದು ನಿಜ. ಆದರೆ ಆ ಅಂಕಿಯನ್ನು ಅಷ್ಟು ಕೆಳಕ್ಕೆ ಎಳೆದುದು ಮುಖ್ಯವಾಗಿ ಶಿಶುಮರಣ. ಐವತ್ತನ್ನು ದಾಟಿದವರು ಎಪ್ಪತ್ತನ್ನು ಕಾಣುವುದು ಅಪರೂಪವಾಗಿರಲಿಲ್ಲ. ಬಸವನಗುಡಿಯ ಸುತ್ತಿನಲ್ಲಿಯೇ ಬಾಳಿದ ಡಿ. ವಿ. ಗುಂಡಪ್ಪನವರು 1975ರಲ್ಲಿ ತಮ್ಮ 88ನೆಯ ವಯಸ್ಸಿನಲ್ಲಿಯೂ, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1986ರಲ್ಲಿ 95 ತುಂಬಿದ ದಿನದಂದೇ ತೀರಿಕೊಂಡರು. ಬೆಂಗಳೂರನ್ನು ಪಿಂಚಣಿದಾರರ ಸ್ವರ್ಗವೆಂದು ಕರೆಯುತ್ತಿದ್ದ ಕಾಲದಲ್ಲಿ ಆ ಸ್ವರ್ಗದ ಒಂದು ದೊಡ್ಡ ಭಾಗವು ಲಾಲ್‌ಬಾಗಿನ ಪಶ್ಚಿಮದ್ವಾರದಿಂದ ಗಾಂಧಿಬಜಾರಿನವರೆಗೆ ಹಬ್ಬಿತ್ತು. ವೃದ್ಧರು ಇದ್ದರು. ಅವರನ್ನು ನೋಡಿಕೊಂಡವರೂ ಇದ್ದರು.

ಹಾಗೆ ನೋಡಿಕೊಂಡವರು ಸೊಸೆಯಂದಿರು ಎಂದು ಹೇಳುವುದು ವಾಡಿಕೆ. ಅದು ಅರ್ಧ ನಿಜ. ಸೊಸೆಗೆ ಅಡಿಗೆ, ಬಾಣಂತನ, ಮಕ್ಕಳು ಇವುಗಳಿಂದ ಬಿಡುವು ಎಲ್ಲಿಯದು? ಕುಟುಂಬಗಳ ನೆನಪುಗಳನ್ನು ಕೆದಕಿದರೆ ಮತ್ತೊಬ್ಬ ವ್ಯಕ್ತಿ ಪದೇ ಪದೇ ಎದುರಾಗುತ್ತಾಳೆ. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಅಣ್ಣನ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಉಳಿದ ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮ. ಮಡಿಯ ಮನೆಯಲ್ಲಿ ಹೊರಗಿನವರು ರೋಗಿಯನ್ನು ಮುಟ್ಟುವುದು ಕಷ್ಟವಾಗಿದ್ದುದರಿಂದ ಆ ಭಾರವೆಲ್ಲ ಇವಳ ಮೇಲೆ ಬಿತ್ತು. ಇವಳಿಗೆ ವೇತನವಿಲ್ಲ, ರಜೆಯಿಲ್ಲ, ಬಿಟ್ಟುಹೋಗಲು ಜಾಗವಿಲ್ಲ. ಹಿಂದಿನವರು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು, ಈಗಿನವರು ದುಡ್ಡಿಗಾಗಿ ನೋಡಿಕೊಳ್ಳುತ್ತಾರೆ ಎನ್ನುವವರು ಈ ವಿಧವೆಯ ಮಾತನ್ನು ಎತ್ತುವುದಿಲ್ಲ. ಪ್ರೀತಿಯೂ ಇದ್ದಿತು, ಸಂದೇಹವಿಲ್ಲ. ಆದರೆ ಆ ವ್ಯವಸ್ಥೆಯು ನಿಂತುದು ಅವಳ ನಿರುಪಾಯತೆಯ ಮೇಲೆ. ಅವಳೇ ಮುದುಕಿಯಾದಾಗ ಯಾರು ನೋಡಿದರೆಂಬುದಕ್ಕೆ ಕುಟುಂಬದ ಕಾಗದಪತ್ರಗಳಲ್ಲಿ ಉತ್ತರ ಸಿಕ್ಕುವುದು ತೀರ ಅಪರೂಪ.

ಆ ಶುಶ್ರೂಷೆಯ ಗುಣಮಟ್ಟ ಹೇಗಿತ್ತು? ಔಷಧಿಯ ಜ್ಞಾನ ಸ್ವಲ್ಪ, ಶುಚಿಯ ಕಲ್ಪನೆ ವೈದ್ಯಕ್ಕಿಂತ ಮಡಿಗೆ ಹತ್ತಿರ. ಹಾಸಿಗೆಹುಣ್ಣು ಆಗಲೂ ಆಗುತ್ತಿತ್ತು, ಅದನ್ನು ಕರ್ಮವೆಂದು ಭಾವಿಸಿದವರೂ ಉಂಟು. ಒಂದು ಅನುಕೂಲ ಮಾತ್ರ ಇದ್ದಿತು. ಹದಿನಾಲ್ಕು ಜನರ ಮನೆಯಲ್ಲಿ ಯಾವ ಕೋಣೆಯ ಬಾಗಿಲೂ ಹಗಲಿನಲ್ಲಿ ಮುಚ್ಚಿರುತ್ತಿರಲಿಲ್ಲ. ಅಜ್ಜನ ಪಂಚೆ ಒದ್ದೆಯಾಗಿದೆಯೆಂದು ಮೊದಲು ಕೂಗುತ್ತಿದ್ದವನು ಆರು ವರ್ಷದ ಮೊಮ್ಮಗ. ಗದರಿದ ಮಾತು ಪಕ್ಕದ ಮನೆಯ ಬಾವಿಕಟ್ಟೆಗೆ ಕೇಳಿಸುತ್ತಿತ್ತು. ಕೂಡುಕುಟುಂಬದ ಶುಶ್ರೂಷೆಯಲ್ಲಿ ನಿಪುಣತೆ ಕಡಮೆಯಿರಬಹುದು, ಸಾಕ್ಷಿಗಳಿಗೆ ಕೊರತೆ ಇರಲಿಲ್ಲ.

ಈ ವ್ಯವಸ್ಥೆಯನ್ನು ಸಡಿಲಿಸಿದವುಗಳಲ್ಲಿ ಸಮಾಜ ಸುಧಾರಣೆಯೂ ಒಂದು ಎಂಬುದನ್ನು ನಾವು ಮರೆಯುತ್ತೇವೆ. ಬಸವನಗುಡಿಯಲ್ಲಿಯೇ ನೆಲೆಗೊಂಡ ಅಬಲಾಶ್ರಮ, 1913ರಲ್ಲಿ ಸ್ಥಾಪಿತವಾದ ಮಹಿಳಾ ಸೇವಾ ಸಮಾಜ ಇಂತಹ ಸಂಸ್ಥೆಗಳು ನಿರ್ಗತಿಕರಾದ ಹೆಂಗಸರಿಗೆ ಆಸರೆಯನ್ನೋ ಓದನ್ನೋ ಕಸುಬನ್ನೋ ಒದಗಿಸಿದವು. ವಿಧವೆಯು ಉಪಾಧ್ಯಾಯಿನಿಯಾದಳು, ಕೆಲವರು ದಾದಿಯರಾದರು. ಇದು ಆಗಬೇಕಾದ ಕೆಲಸವೇ. ಆದರೆ ಆಕೆ ಹೊರಗೆ ಹೋದ ಮನೆಯಲ್ಲಿ ವೃದ್ಧರ ಹಾಸಿಗೆಯ ಪಕ್ಕದ ಸ್ಥಳವು ಬರಿದಾಯಿತು. ಆ ಸ್ಥಳಕ್ಕೆ ಮುಂದೆ ಯಾರು ಎಂದು ಸುಧಾರಕರೂ ಕೇಳಲಿಲ್ಲ, ಸಂಪ್ರದಾಯಸ್ಥರೂ ಕೇಳಲಿಲ್ಲ.

ಇತ್ತ ಸರ್ಕಾರವು ಎರಡನೆಯ ಸಲ ಮನೆಯೊಳಗೆ ಬಂದಿತು. ಈ ಬಾರಿ ಬಂದುದು ಹೆರಿಗೆಗಾಗಿ. 1920ರ ದಶಕದ ಕೊನೆಯಿಂದ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಪುನಾರಚಿಸಿತು. 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಸೂಲಗಿತ್ತಿಯರಿಗೆ ತರಬೇತಿ, ಮನೆಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯರ ನೇಮಕ ಇವು ಕ್ರಮೇಣ ನಡೆದವು. ಇದರ ಶಾಸನರೂಪವೇ 1961ರ ದಾದಿಯರ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ಕಾಯಿದೆ. ಆ ಶೀರ್ಷಿಕೆಯಲ್ಲಿರುವ ಮೂರು ಹೆಸರುಗಳನ್ನು ಗಮನಿಸಬೇಕು. ಹುಟ್ಟಿಗಾಗಿ ಮನೆಯ ಹೊಸ್ತಿಲನ್ನು ದಾಟುವವಳಿಗೆ ಶಾಸನವು ಒಂದು ಹೆಸರನ್ನು, ಶಿಕ್ಷಣವನ್ನು, ನೋಂದಣಿಯನ್ನು, ತಪ್ಪಿದರೆ ಹೆಸರನ್ನು ಹೊಡೆದುಹಾಕುವ ಪರಿಷತ್ತನ್ನು ಕೊಟ್ಟಿತು. ಮುಪ್ಪಿಗಾಗಿ ಹೊಸ್ತಿಲನ್ನು ದಾಟುವವಳು ಆ ಪಟ್ಟಿಯಲ್ಲಿ ಇಲ್ಲ. 1961ರಲ್ಲಿ ಅಂಥವಳು ಇನ್ನೂ ಇರಲಿಲ್ಲವೆಂದು ಶಾಸನಕರ್ತರ ಪರವಾಗಿ ಹೇಳಬಹುದು. ಆಮೇಲಿನ ಅರವತ್ತು ವರ್ಷಗಳ ಮೌನಕ್ಕೆ ಆ ಸಮಾಧಾನ ಸಾಲದು.

ಮನೆಯ ಹೊರಗೆ ವೃದ್ಧರಿಗೆ ಆಶ್ರಯವೇ ಇರಲಿಲ್ಲವೆಂದಲ್ಲ. ವಿಕ್ಟೋರಿಯಾ ಆಸ್ಪತ್ರೆಯು ಪ್ರಾರಂಭವಾದ 1900ನೆಯ ಇಸವಿಯಲ್ಲಿಯೇ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಕ್ರೈಸ್ತ ಸಂನ್ಯಾಸಿನಿಯರ ಸಂಘವು ಬೆಂಗಳೂರಿಗೆ ಬಂದು ನಿರ್ಗತಿಕ ವೃದ್ಧರ ಸೇವೆಯನ್ನು ಆರಂಭಿಸಿತು. ಹೊಸೂರು ರಸ್ತೆಯ ಅವರ ವೃದ್ಧಾಶ್ರಮ ಪ್ರಸಿದ್ಧವಾದುದು. ಆದರೆ ದಂಡಿನ ಕಡೆಯ ಆ ಆಶ್ರಮಕ್ಕೂ ಬಸವನಗುಡಿಯ ಮಧ್ಯಮ ವರ್ಗಕ್ಕೂ ನಡುವೆ ಕೆಲವು ಮೈಲಿಗಳಿಗಿಂತ ಹೆಚ್ಚಿನ ದೂರವಿತ್ತು. ತಂದೆತಾಯಿಯನ್ನು ಆಶ್ರಮಕ್ಕೆ ಬಿಡುವುದೆಂದರೆ ಇಲ್ಲಿ ಮಾನ ಹೋಗುವ ಮಾತು. ಈ ಮಾನದ ಪ್ರಜ್ಞೆಯೇ ಮುಂದೆ ಗೃಹಶುಶ್ರೂಷೆಯ ಸಂಸ್ಥೆಗಳಿಗೆ ಇಲ್ಲಿ ನೆಲವನ್ನು ಹದಮಾಡಿತು.

ಆ ಮುಂದಿನ ಕಾಲವು ಬಂದುದು 1990ರ ದಶಕದಲ್ಲಿ. 1965ರ ವಲಸೆ ಶಾಸನದ ತರುವಾಯ ಅಮೆರಿಕೆಗೆ ಹೋದ ಎಂಜಿನಿಯರುಗಳೂ ವೈದ್ಯರೂ ಮೊದಲ ಅಲೆ. ಗಣಕಯಂತ್ರದ ಉದ್ಯೋಗಕ್ಕಾಗಿ ಹೋದವರು ಎರಡನೆಯ ಮತ್ತು ಬಹುದೊಡ್ಡ ಅಲೆ. ಹದಿನಾಲ್ಕು ಜನರ ಮನೆಯಲ್ಲಿ ಇಬ್ಬರು ಉಳಿದರು, ಅನಂತರ ಒಬ್ಬರು. ಎಷ್ಟೋ ಮನೆಗಳು ಬಿದ್ದು ಅಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು, ಬಾಗಿಲುಗಳು ಮುಚ್ಚಿಕೊಂಡವು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇಕಡ 8.6, ಕರ್ನಾಟಕದಲ್ಲಿ ಶೇಕಡ 9.5. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 1998ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು; 2002ರಲ್ಲಿ ನಗರ ಪೊಲೀಸರೊಡನೆ ಸೇರಿ 1090 ಸಂಖ್ಯೆಯ ಹಿರಿಯರ ಸಹಾಯವಾಣಿಯನ್ನು ಆರಂಭಿಸಿತು. ಅದೇ ವರ್ಷಗಳಲ್ಲಿ ಮನೆಗೆ ಆಳನ್ನು ಒದಗಿಸುವ ಏಜೆನ್ಸಿಗಳು ಬೀದಿಬೀದಿಯಲ್ಲಿ ಹುಟ್ಟಿಕೊಂಡವು. ಕೆಲವು ದೊಡ್ಡವು, ತರಬೇತಿ ಕೊಡುವಂಥವು. ಹಲವು ಒಂದು ಕೋಣೆ ಮತ್ತು ಎರಡು ದೂರವಾಣಿಗಳ ಮೇಲೆ ನಡೆಯುವಂಥವು.

ಹೀಗೆ ಬಂದವಳಿಗೆ ನಮ್ಮ ಭಾಷೆಯಲ್ಲಿ ಇನ್ನೂ ಒಂದು ಸ್ಥಿರವಾದ ಹೆಸರಿಲ್ಲ. ಒಂದು ಮನೆಯಲ್ಲಿ ಆಯಾ, ಇನ್ನೊಂದರಲ್ಲಿ ಸಿಸ್ಟರ್, ಮತ್ತೊಂದರಲ್ಲಿ ಕೇರ್‌ಟೇಕರ್, ಬಹಳ ಕಡೆ 'ಅಮ್ಮನ್ನ ನೋಡ್ಕೊಳ್ಳೋಳು'. ಶುಶ್ರೂಷೆ ಎಂಬ ಪದವು ಸಂಸ್ಕೃತದ 'ಶ್ರು' ಧಾತುವಿನ ಇಚ್ಛಾರ್ಥಕದಿಂದ ಬಂದುದು. ಕೇಳಬೇಕೆಂಬ ಬಯಕೆ ಎಂಬುದು ಅದರ ಮೊದಲ ಅರ್ಥ, ಸೇವೆ ಎಂಬುದು ಆಮೇಲಿನದು. ಆ ಅರ್ಥದಲ್ಲಿ ಈ ಹೆಂಗಸರಲ್ಲಿ ಅನೇಕರು ನಿಜವಾದ ಶುಶ್ರೂಷಕಿಯರೇ. ಒಂಟಿ ವೃದ್ಧರ ಮಾತನ್ನು ದಿನವೆಲ್ಲ ಕೇಳುವವರು ಇವರೊಬ್ಬರೇ. ಆದರೂ ಇವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿರುವ ಮನೆಗಳನ್ನು ಈ ಬಡಾವಣೆಯಲ್ಲಿ ನಾನು ಕಂಡಿದ್ದೇನೆ. ಕನ್ಸರ್ವೆನ್ಸಿ ಓಣಿಯಿಂದ ಬರುತ್ತಿದ್ದ ಕೆಲಸವು ಮುಂಬಾಗಿಲಿಗೆ ಬಂದಿದೆ, ಆದರೆ ಅಡಿಗೆಮನೆಯ ಹೊಸ್ತಿಲಿನಲ್ಲಿ ಇನ್ನೂ ನಿಂತಿದೆ.

ಇನ್ನು ಶಾಸನಗಳು. ವೃದ್ಧ ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಹೊಣೆಯಾಗಿ ವಿಧಿಸಿದುದು 1956ರ ಹಿಂದೂ ದತ್ತಕ ಮತ್ತು ಪೋಷಣೆ ಕಾಯಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣವು ಅದನ್ನು ಎಲ್ಲ ಧರ್ಮದವರಿಗೂ ವಿಸ್ತರಿಸಿತು. 2024ರಿಂದ ಅದರ ಸ್ಥಾನದಲ್ಲಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣ. ಇವುಗಳಿಗಿಂತ ಮುಖ್ಯವಾದುದು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ. ಕರ್ನಾಟಕದಲ್ಲಿ ಇದು 2008ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಪೋಷಣೆ ಎಂದರೆ ಅನ್ನ, ಬಟ್ಟೆ, ವಸತಿ ಮತ್ತು ವೈದ್ಯಕೀಯ ಆರೈಕೆ ಹಾಗೂ ಚಿಕಿತ್ಸೆ ಎಂದು ಈ ಕಾಯಿದೆ ಹೇಳುತ್ತದೆ. ಆರೈಕೆಯ ಮಾತು ಬಂದಿದೆಯಲ್ಲ ಎಂದು ಸಂತೋಷಪಡುವಷ್ಟರಲ್ಲಿ ಅದು ಹಣವಾಗಿ ಮಾರ್ಪಡುತ್ತದೆ: ನ್ಯಾಯಮಂಡಲಿಯು ಮಕ್ಕಳಿಗೆ ಮಾಸಿಕ ಮೊತ್ತವನ್ನು ವಿಧಿಸಬಹುದು, ಗರಿಷ್ಠ 10,000 ರೂಪಾಯಿ. ಹಣವನ್ನು ಮಕ್ಕಳು ಕಳುಹಿಸುತ್ತಿದ್ದಾರೆ, ಆ ಹಣದಿಂದ ಬಂದ ಆರೈಕೆಯು ಕೆಟ್ಟದಾಗಿದೆ ಎಂಬ ಸ್ಥಿತಿಯು ಈ ಕಾಯಿದೆಯ ಕಲ್ಪನೆಯಲ್ಲಿ ಇಲ್ಲ. ಬಸವನಗುಡಿಯಲ್ಲಿ ಸಾಮಾನ್ಯವಾಗಿರುವುದು ಈ ಸ್ಥಿತಿಯೇ. ಜಿಲ್ಲೆಗೊಂದು ವೃದ್ಧಾಶ್ರಮ, ಅದರಲ್ಲಿ ಮೊದಲಿಗೆ 150 ಮಂದಿಗೆ ಸ್ಥಳ, ಅದರ ಆಡಳಿತಕ್ಕೆ ಮಾನದಂಡ ಎಂದು 19ನೆಯ ಪ್ರಕರಣವು ವಿವರಿಸುತ್ತದೆ. ಆಶ್ರಮದ ಗೋಡೆಗೆ ಮಾನದಂಡವುಂಟು, ಮನೆಯ ಹಾಸಿಗೆಗೆ ಇಲ್ಲ.

ಸುರಕ್ಷತೆ ಎಂಬ ಪದವು ಈ ಕಾಯಿದೆಯ ಪರಿವಾರದಲ್ಲಿ ಇಲ್ಲದೆ ಇಲ್ಲ. ಕೇಂದ್ರದ ಮಾದರಿ ನಿಯಮಗಳಲ್ಲಿ, ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನು ಪೊಲೀಸ್ ಠಾಣೆಯು ಇಟ್ಟುಕೊಳ್ಳತಕ್ಕದ್ದು, ತಿಂಗಳಿಗೊಮ್ಮೆಯಾದರೂ ಭೇಟಿಮಾಡತಕ್ಕದ್ದು, ಮನೆಗೆಲಸದವರ ಪೂರ್ವಾಪರವನ್ನು ವಿಚಾರಿಸತಕ್ಕದ್ದು ಎಂದಿದೆ. ಇದು ಬೇಡವೆನ್ನಲಾಗದು, ಒಂಟಿ ವೃದ್ಧರ ಕೊಲೆಗಳು ನಡೆದ ನಗರವಿದು. ಆದರೆ ಇಲ್ಲಿ ಸುರಕ್ಷತೆಯೆಂದರೆ ಕಳ್ಳತನ ಮತ್ತು ಕೊಲೆಯಿಂದ ರಕ್ಷಣೆ, ಶುಶ್ರೂಷಕಿಯೆಂದರೆ ಸಂದೇಹಕ್ಕೆ ಒಳಗಾದವಳು. ಅವಳ ಆಧಾರ್ ಚೀಟಿಯ ನಕಲು ಠಾಣೆಯಲ್ಲಿರುತ್ತದೆ; ರೈಲ್ಸ್ ಟ್ಯೂಬಿನಲ್ಲಿ ಗಂಜಿಯನ್ನು ಹುಯ್ಯುವಾಗ ತಲೆಯನ್ನು ಎಷ್ಟು ಎತ್ತರಿಸಬೇಕೆಂದು ಅವಳಿಗೆ ಗೊತ್ತಿದೆಯೆ ಎಂದು ಕೇಳುವ ಅಧಿಕಾರಿ ಯಾರೂ ಇಲ್ಲ. ತಪ್ಪಿದರೆ ಗಂಜಿಯು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಳ್ಳನಿಗಿಂತ ಇದು ಸಣ್ಣ ಅಪಾಯವಲ್ಲ.

ಇಲ್ಲಿ ಒಂದು ದಾಖಲೆಯನ್ನು ಪರಿಶೀಲನೆಗೆ ಎತ್ತಿಕೊಳ್ಳುತ್ತೇನೆ. ಅದು ನನ್ನ ಕುಟುಂಬದ್ದು, ಆದ್ದರಿಂದ ಹೆಸರುಗಳನ್ನು ಕೊಡುವುದಿಲ್ಲ. ನಮ್ಮ ತಾಯಿಯ ಸೋದರತ್ತೆ, 87 ವರ್ಷದವರು, ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದರು. ಮಗ ವಿದೇಶದಲ್ಲಿ. ಒಂದು ಏಜೆನ್ಸಿಯ ಮೂಲಕ ಶುಶ್ರೂಷಕಿಯನ್ನು ಗೊತ್ತುಮಾಡಲಾಯಿತು. ಜೊತೆಗೆ ಏಜೆನ್ಸಿಯವರು ಅಚ್ಚುಹಾಕಿಸಿದ ಒಂದು ದಿನಚರಿ ಪುಸ್ತಕವೂ ಬಂದಿತು. ವೇಳೆ, ಆಹಾರ, ಔಷಧಿ, ಮೂತ್ರ, ಮಗ್ಗುಲು ಎಂದು ಐದು ಕಲಮುಗಳು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ರೂಢಿಯ ನಿಯಮ. ನಾನು ವಾರಕ್ಕೊಮ್ಮೆ ಹೋಗಿ ಆ ಪುಸ್ತಕವನ್ನು ತಿರುವಿ ನೋಡಿ ತೃಪ್ತಿಯಿಂದ ಬರುತ್ತಿದ್ದೆ. ನಲವತ್ತೊಂದನೆಯ ದಿನ ಬೇರೆ ಕಾರಣಕ್ಕೆ ಬಂದ ವೈದ್ಯರು ಹೊದಿಕೆಯನ್ನು ಸರಿಸಿದಾಗ ಬೆನ್ನಿನ ಕೆಳಭಾಗದಲ್ಲಿ ಮೂಳೆ ಕಾಣುವಷ್ಟು ಆಳದ ಹುಣ್ಣು ಇತ್ತು.

ಶಾಸನಗಳನ್ನೂ ಕಡತಗಳನ್ನೂ ಓದಿ ಪಾಠ ಹೇಳುವ ನಾನು ಆ ಪುಸ್ತಕವನ್ನು ದಾಖಲೆಯೆಂದು ಓದಿದ್ದು ಅನಂತರವೇ. ನಲವತ್ತು ದಿನಗಳ ಬರಹವೂ ಒಂದೇ ಕೈಯದು, ಹಗಲೂ ರಾತ್ರಿಯೂ. ಪ್ರತಿ ದಿನದ ಹನ್ನೆರಡು ನಮೂದುಗಳೂ ಒಂದೇ ಓಟದಲ್ಲಿ ಬರೆದಂತಿವೆ. ವೇಳೆಗಳೆಲ್ಲ ಸಮಸಂಖ್ಯೆಯ ಗಂಟೆಗಳು, ಒಂದೂ ಹತ್ತು ನಿಮಿಷ ಆಚೀಚೆಯಿಲ್ಲ. ಕೊನೆಯ ಸಾಕ್ಷ್ಯವಂತೂ ನಿರ್ಣಾಯಕ. ಹತ್ತೊಂಬತ್ತನೆಯ ದಿನ ಅತ್ತೆಯವರನ್ನು ಎಕ್ಸ್‌ರೇಗಾಗಿ ಬೆಳಿಗ್ಗೆ ಹತ್ತಕ್ಕೆ ಕರೆದೊಯ್ದು ಸಂಜೆ ನಾಲ್ಕು ದಾಟಿದ ಮೇಲೆ ಕರೆತಂದಿದ್ದೆವು. ಪುಸ್ತಕದ ಪ್ರಕಾರ ಅಂದು ಹನ್ನೆರಡಕ್ಕೂ ಎರಡಕ್ಕೂ ಮನೆಯ ಹಾಸಿಗೆಯಲ್ಲಿ ಅವರ ಮಗ್ಗುಲು ಬದಲಾಗಿದೆ. ಇಂಥ ದೋಷವಿರುವ ತಾಮ್ರಪಟವನ್ನು ಯಾರಾದರೂ ತಂದಿದ್ದರೆ ಕೂಟಶಾಸನವೆಂದು ಮೊದಲ ದಿನವೇ ತಳ್ಳಿಹಾಕುತ್ತಿದ್ದೆ.

ಕೂಟಲೇಖಕಿಯ ಪಕ್ಷವನ್ನೂ ಕೇಳಬೇಕು. ಇಪ್ಪತ್ತೆರಡು ವರ್ಷದ ಆ ಹುಡುಗಿ ಉತ್ತರದ ಜಿಲ್ಲೆಯೊಂದರಿಂದ ಬಂದವಳು. ಹನ್ನೆರಡು ಗಂಟೆಗಳ ಎರಡು ಪಾಳಿಗೆ ನಾವು ಒಪ್ಪಿದ್ದೆವು; ಎರಡನೆಯವಳು ಮೂರು ದಿನ ಬಂದು ನಿಂತುಹೋದಳು, ಏಜೆನ್ಸಿ ಬದಲಿಯನ್ನು ಕಳುಹಿಸಲಿಲ್ಲ, ನಾವೂ ಬಲವಾಗಿ ಕೇಳಲಿಲ್ಲ. ನಮ್ಮ ಅತ್ತೆ ತೂಕದ ಹೆಂಗಸು. ಒಬ್ಬಳೇ ತಿರುಗಿಸಿದರೆ ತಿರುಗಿಸುವವಳ ಸೊಂಟವೂ ಉಳಿಯದು. ಮೂವತ್ತೆಂಟು ರಾತ್ರಿ ಅವಳು ಎರಡು ಗಂಟೆಗೊಮ್ಮೆ ಏಳಬೇಕಾಗಿತ್ತು. "ಪುಸ್ತಕ ತುಂಬದಿದ್ರೆ ಸಂಬಳ ಹಿಡೀತಾರೆ ಅಂದಿದ್ರು, ಅದಕ್ಕೇ ರಾತ್ರಿ ಮಲಗೋ ಮುಂಚೆ ಎಲ್ಲಾ ಬರೆದುಬಿಡ್ತಿದ್ದೆ" ಎಂದಳು. ಪ್ರತಿ ದಿನ ಆ ಪುಟದ ಛಾಯಾಚಿತ್ರವು ದೂರವಾಣಿಯ ಮೂಲಕ ಮಗನಿಗೆ ಹೋಗುತ್ತಿತ್ತು. ಆ ಪುಟವು ಹುಟ್ಟಿದುದೇ ಆ ಛಾಯಾಚಿತ್ರಕ್ಕಾಗಿ. ಹಿಂದೆ ಮೊಮ್ಮಗನ ಕಣ್ಣು ಮಾಡುತ್ತಿದ್ದ ಕೆಲಸವನ್ನು ನಾವು ಒಂದು ಪುಸ್ತಕಕ್ಕೆ ವಹಿಸಿದ್ದೆವು, ಪುಸ್ತಕವನ್ನು ಬರೆಯುವ ಕೆಲಸವನ್ನು ಯಾರನ್ನು ನೋಡಬೇಕಾಗಿತ್ತೋ ಅವಳಿಗೇ ವಹಿಸಿದ್ದೆವು. ಹೊದಿಕೆಯನ್ನು ಸರಿಸಿ ನೋಡಲು ನನಗೆ ಸಂಕೋಚ. ಆ ಸಂಕೋಚಕ್ಕೂ ಮಡಿಗೂ ಸಂಬಂಧವಿಲ್ಲವೆಂದು ಹೇಳಲಾರೆ.

ಪರಿಹಾರಕ್ಕೆ ದಾರಿಯಿತ್ತೆ? 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ. ಪಿ. ಶಾಂತಾ ಮೊಕದ್ದಮೆಯಲ್ಲಿ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ತಂದಿತು. ಆದರೆ ಯಜಮಾನ ಮತ್ತು ಆಳಿನ ನಡುವಿನ ವೈಯಕ್ತಿಕ ಸೇವೆಯ ಕರಾರು ಆ ವ್ಯಾಪ್ತಿಯಿಂದ ಹೊರಗೆ. 2019ರ ಹೊಸ ಗ್ರಾಹಕ ಕಾಯಿದೆಯಲ್ಲಿಯೂ ಹಾಗೆಯೇ. ಎಂದರೆ ಏಜೆನ್ಸಿಯ ಮೇಲೆ ದೂರು ಕೊಡಬಹುದು, ನೇರವಾಗಿ ಗೊತ್ತುಮಾಡಿಕೊಂಡಿದ್ದರೆ ಅದೂ ಕಷ್ಟ. ನಮ್ಮವರು ದೂರು ಕೊಡಲಿಲ್ಲ. ಲಿಖಿತ ಸಾಕ್ಷ್ಯವೆಂದರೆ ಆ ಪುಸ್ತಕವೊಂದೇ, ಅದರಲ್ಲಿ ಎಲ್ಲವೂ ಸರಿಯಾಗಿತ್ತು.

ಶುಶ್ರೂಷಕಿಯ ಕಡೆಯ ಶಾಸನವೂ ಹೀಗೆಯೇ ಹರಿದ ಬಟ್ಟೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲಿ ಗೊತ್ತುಪಡಿಸಿ ಕರ್ನಾಟಕವು ಇತರ ರಾಜ್ಯಗಳಿಗೆ ಮೇಲ್ಪಂಕ್ತಿಯಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ 189ನೆಯ ಒಡಂಬಡಿಕೆಯನ್ನು ಭಾರತವು ಸ್ಥಿರೀಕರಿಸಿಲ್ಲ. 2012ರಲ್ಲಿ ರಚಿತವಾದ ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯು ಗೃಹ ಆರೋಗ್ಯ ಸಹಾಯಕಿಯೆಂಬ ಹೆಸರಿನಲ್ಲಿ ಕೆಲವು ತಿಂಗಳ ಶಿಕ್ಷಣಕ್ರಮವನ್ನು ರೂಪಿಸಿದೆ, ಆದರೆ ಅದನ್ನು ಪಡೆಯದೆ ಕೆಲಸಮಾಡಬಾರದೆಂಬ ಕಟ್ಟಳೆಯಿಲ್ಲ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಯು ಕನಿಷ್ಠ 2,000 ಗಂಟೆಗಳ ಶಿಕ್ಷಣವಾದವರನ್ನು ಮಾತ್ರ ವೃತ್ತಿಯವರೆಂದು ಎಣಿಸುತ್ತದೆ. ದಾದಿಯಲ್ಲ, ಸಹಾಯಕ ವೃತ್ತಿಯವಳಲ್ಲ, ಬರಿಯ ಮನೆಗೆಲಸದವಳೂ ಅಲ್ಲ. ಮೂರು ಶಾಸನಗಳ ನಡುವಿನ ಸಂದಿಯಲ್ಲಿ ಅವಳು ನಿಂತಿದ್ದಾಳೆ. 2019ರಲ್ಲಿ ಕೇಂದ್ರ ಸರ್ಕಾರವು ನಿವೃತ್ತರ ವಸತಿ ಸಮುಚ್ಚಯಗಳಿಗಾಗಿ ಪ್ರಕಟಿಸಿದ ಮಾದರಿ ಮಾರ್ಗಸೂಚಿಯೂ ಮುಖ್ಯವಾಗಿ ಕಟ್ಟಡವನ್ನು ಕುರಿತುದೇ.

ಅದೇ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾದ ತಿದ್ದುಪಡಿ ಮಸೂದೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 2007ರ ಕಾಯಿದೆಯನ್ನು ತಿದ್ದಲು ಬಂದ ಆ ಮಸೂದೆಯು ಗೃಹ ಆರೈಕೆ ಸೇವೆ ಎಂಬುದನ್ನು ವ್ಯಾಖ್ಯಾನಿಸಿತು; ಅದನ್ನು ಒದಗಿಸುವ ಸಂಸ್ಥೆಗಳು ನೋಂದಣಿಯಾಗಬೇಕು, ಕನಿಷ್ಠ ಮಾನದಂಡಗಳನ್ನು ಪಾಲಿಸಬೇಕು ಎಂದಿತು; 10,000 ರೂಪಾಯಿಯ ಮಿತಿಯನ್ನೂ ತೆಗೆಯಲು ಹೊರಟಿತು. ಮಸೂದೆಯು ಸ್ಥಾಯೀ ಸಮಿತಿಗೆ ಹೋಯಿತು, 2021ರಲ್ಲಿ ವರದಿ ಬಂದಿತು, ಆಮೇಲೆ ಮುಂದುವರಿಯಲಿಲ್ಲ. 2024ರಲ್ಲಿ 17ನೆಯ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ಇಂಗ್ಲೆಂಡಿನಲ್ಲಿ ಇಂಥ ಏಜೆನ್ಸಿಗಳನ್ನು ನೋಂದಣಿಗೂ ತನಿಖೆಗೂ ಒಳಪಡಿಸಿದ್ದು 2000ದ ಆರೈಕೆ ಮಾನದಂಡಗಳ ಕಾಯಿದೆ. ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ಹೇಳುತ್ತಿಲ್ಲ. ತಪ್ಪಾದಾಗ ಬಾಗಿಲು ತಟ್ಟಬೇಕಾದ ಕಚೇರಿ ಯಾವುದೆಂಬುದು ಅಲ್ಲಿ ಗೊತ್ತಿದೆ. ಪ್ಲೇಗಿಗಾಗಿ 1898ರಲ್ಲಿಯೂ, ಹೆರಿಗೆಗಾಗಿ ಮುಂದೆಯೂ ಈ ಬಡಾವಣೆಯ ಹೊಸ್ತಿಲುಗಳನ್ನು ದಾಟಿದ ಸರ್ಕಾರವು ಮೂರನೆಯ ಸಲ ದಾಟಲು ಸಿದ್ಧವಾಗಿ ಬಾಗಿಲಿನಿಂದಲೇ ಹಿಂತಿರುಗಿದಂತಾಯಿತು. ಈ ನಡುವೆ ಮಲಗುವ ಕೋಣೆಯಲ್ಲಿ ಕ್ಯಾಮರಾ ಇಡಿಸುವ ಮಕ್ಕಳು ಹೆಚ್ಚುತ್ತಿದ್ದಾರೆ. ಬಟ್ಟೆ ಬದಲಿಸುವಾಗ ತನ್ನನ್ನು ಯಾರು ನೋಡುತ್ತಿದ್ದಾರೆಂದು ತಿಳಿಯದ ವೃದ್ಧೆಯನ್ನು ಅವರು ಕೇಳಿದ್ದಾರೆಯೆ ಎಂಬುದು ನನ್ನ ಸಂದೇಹ.

ನಮ್ಮ ಅತ್ತೆಯವರ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಆ ಹುಡುಗಿಯನ್ನು ಬಿಡಿಸಲಿಲ್ಲ. ಅವಳ ಜೊತೆಗೆ ರಾತ್ರಿಯ ಪಾಳಿಗೆ ಇನ್ನೊಬ್ಬರನ್ನು ಇಟ್ಟುಕೊಂಡೆವು, ವಾರಕ್ಕೊಮ್ಮೆ ನೋಂದಾಯಿತ ದಾದಿಯೊಬ್ಬರು ಬಂದು ಹುಣ್ಣನ್ನು ಅಳೆದು ಬರೆಯುವ ಏರ್ಪಾಡಾಯಿತು, ಅಚ್ಚಿನ ಪುಸ್ತಕವನ್ನು ತೆಗೆದುಹಾಕಿ ಗೆರೆಯಿಲ್ಲದ ಒಂದು ನೋಟುಬುಕ್ಕನ್ನು ಕೊಟ್ಟೆವು. ಅದರ ಒಂದು ಪುಟದಲ್ಲಿ ಹೊಸದಾಗಿ ಬಂದ ಹೆಂಗಸು, ಅಕ್ಷರ ಕಲಿತದ್ದು ಕಡಮೆ, ಸೊಟ್ಟಸೊಟ್ಟಾಗಿ ಹೀಗೆ ಬರೆದಿದ್ದಾಳೆ: '1.10 ಎಡಕ್ಕೆ. 3.00 ನಿದ್ದೆ ಹತ್ತಿತು ಎಚ್ಚರ ಆಗಲಿಲ್ಲ. 4.25 ಬಲಕ್ಕೆ. ಅಜ್ಜಿ ಬೈದರು.'